ಕುವೈತಿನಲ್ಲಿ ಯೂಸುಫನ ಮುಖ ಬರೆದದ್ದು

ಶುವೈಖ್

ಕುವೈತಿನ ವಿಷಯ ಯಾರಾದರೂ ಕೇಳಿದರೆ ನಾನು ಬಿಸಿಲಿನ ಮಾತಾಡಿ ಮುಗಿಸಿಬಿಡುತ್ತೇನೆ. ಬಿಸಿಲಿನ ಬಗ್ಗೆ ಹೇಳುವುದಕ್ಕೆ ಬೇಕಾದಷ್ಟಿದೆ. ವಿಮಾನದ ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ನನ್ನ ಕನ್ನಡಕದ ಲೋಹದ ಕಡ್ಡಿ ಕಾದು ಕೆನ್ನೆ ಚುರುಗುಟ್ಟಿತ್ತು. ಆದರೆ ಅಲ್ಲಿ ನಡೆದದ್ದನ್ನು ಒಮ್ಮೆಯಾದರೂ ಪೂರ್ತಿ ಹೇಳಬೇಕು. ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂಬ ಭ್ರಮೆ ನನಗಿಲ್ಲ.

ನಾನು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಭಾವಚಿತ್ರ ಬರೆಯುವುದು ಎರಡನೆಯ ಕಸುಬು. ನಿವೃತ್ತರಾಗುವ ಜಡ್ಜಿಗಳು, ಬ್ಯಾಂಕಿನ ಅಧ್ಯಕ್ಷರು, ಛತ್ರ ಕಟ್ಟಿಸಿ ತೀರಿಹೋದ ದಾನಿಗಳು ನನ್ನ ಗಿರಾಕಿಗಳು. ಮುಂಬಯಿಯ ಒಂದು ಆಸ್ಪತ್ರೆಯ ಹಜಾರದಲ್ಲಿ ನಾನು ಬರೆದ ಒಬ್ಬ ದಾನಿಯ ಚಿತ್ರ ತೂಗುಹಾಕಿದ್ದರು. ಮೊಣಕಾಲಿನ ಚಿಕಿತ್ಸೆಗೆ ಬಂದಿದ್ದ ಕುವೈತಿನ ವ್ಯಾಪಾರಿಯೊಬ್ಬರು ದಿನವೂ ಅದರ ಎದುರಿನ ಬೆಂಚಿನ ಮೇಲೆ ಕೂರುತ್ತಿದ್ದರಂತೆ. ಊರಿಗೆ ಮರಳಿದ ಮೇಲೆ ಕಾಗದ ಹಾಕಿಸಿದರು: ತನ್ನದೂ ಮಗನದೂ ಎರಡು ಚಿತ್ರ ಬರೆದುಕೊಡಬೇಕು, ನಮ್ಮ ಮನೆಗೇ ಬಂದು. ಶಾಲೆಗೆ ಮೂರು ತಿಂಗಳ ರಜೆ ಬರೆದುಕೊಟ್ಟು ೧೯೯೦ರ ಜೂನ್ ತಿಂಗಳಲ್ಲಿ ಹೊರಟೆ.

ಕಸ್ಟಮ್ಸಿನಲ್ಲಿ ಮೊದಲ ಎಡವಟ್ಟು. ಬಣ್ಣ ಕಲಸುವ ಅಗಸೆ ಎಣ್ಣೆಯ ಸೀಸೆಯನ್ನು ಅಧಿಕಾರಿ ಮೂಸಿ ನೋಡಿ, ಮದ್ಯವಿರಬಹುದೆಂದು ಪಕ್ಕಕ್ಕಿಟ್ಟ. ನನ್ನನ್ನು ಕರೆದೊಯ್ಯಲು ಬಂದಿದ್ದವನು ಸಂಜೀವ ಎಂಬ ಕಾರ್ಕಳದ ಕಡೆಯವನು. ಆ ವ್ಯಾಪಾರಿಯ ಗೋದಾಮಿನಲ್ಲಿ ಹದಿನಾಲ್ಕು ವರ್ಷದಿಂದ ಸ್ಟೋರ್‌ಕೀಪರ್. ಅವನು ಅರಬಿಯಲ್ಲಿ ಏನೋ ಹೇಳಿದ. ಅಧಿಕಾರಿ ನಗುತ್ತಾ ಸೀಸೆಯನ್ನು ನನ್ನ ಕೈಗಿಟ್ಟು ತಲೆಯತ್ತ ಬೊಟ್ಟು ಮಾಡಿದ.

"ಸ್ವಲ್ಪ ಹಚ್ಚಿಕೊಳ್ಳಿ ಮೇಷ್ಟ್ರೇ," ಎಂದ ಸಂಜೀವ. "ಬಣ್ಣದ ಎಣ್ಣೆಗೆ ಅರಬಿಯಲ್ಲಿ ಎಂತ ಹೇಳುವುದು ಅಂತ ನನಗೆ ಗೊತ್ತಿಲ್ಲ. ತಲೆಎಣ್ಣೆಗೆ ಗೊತ್ತುಂಟು."

ಹಚ್ಚಿಕೊಂಡೆ. ಅಗಸೆ ಎಣ್ಣೆ ಒಣಗಿದರೆ ಅಂಟಾಗುತ್ತದೆ. ಎರಡು ದಿನ ನನ್ನ ತಲೆಗೆ ಬಾಚಣಿಗೆ ಹೋಗಲಿಲ್ಲ.

ಶುವೈಖಿನ ವರ್ಕ್‌ಶಾಪುಗಳ ನಡುವೆ, ಕಾರಿನ ಬಿಡಿಭಾಗಗಳ ಆ ಗೋದಾಮಿನ ಮಹಡಿಯಲ್ಲಿ ಸಂಜೀವನ ಕೋಣೆ. ಅದರಲ್ಲೇ ನನಗೊಂದು ಮಂಚ ಹಾಕಿದ್ದರು. ಕುಚ್ಚಲಕ್ಕಿಯ ಗಂಜಿ, ಉಪ್ಪಿನಕಾಯಿ, ಶುಕ್ರವಾರ ಮೀನು. ನನಗೆ ಮೀನು ಆಗದು. ಅದಕ್ಕಾಗಿ ಸಂಜೀವ ಶುಕ್ರವಾರಗಳಂದು ನನ್ನನ್ನು ಮರುಕದಿಂದ ನೋಡುತ್ತಿದ್ದ.

ದಿವಾನಿಯಾ

ಅಲ್ಲಿ ಗಂಡಸನ್ನು ಹಿರಿಯ ಮಗನ ಹೆಸರಿನಿಂದ ಕರೆಯುತ್ತಾರೆ. ಹಾಗಾಗಿ ಆ ವ್ಯಾಪಾರಿ ಎಲ್ಲರಿಗೂ ಅಬು ಯೂಸುಫ್, ಯೂಸುಫನ ಅಪ್ಪ. ಅವರ ಹೆಂಡತಿ ಉಮ್ಮ್ ಯೂಸುಫ್. ಅಬು ಯೂಸುಫರ ತಂದೆ ಮುಂಬಯಿಗೆ ಮುತ್ತು ಮಾರಲು ಹೋಗುತ್ತಿದ್ದವರು. ಮಗನೂ ಚಿಕ್ಕಂದಿನಲ್ಲಿ ಅಲ್ಲಿ ಓಡಾಡಿದ್ದರಿಂದ ನನಗಿಂತ ಚೆನ್ನಾಗಿ ಹಿಂದಿ ಮಾತಾಡುತ್ತಿದ್ದರು. ನನ್ನನ್ನು ಉಸ್ತಾದ್ ಎನ್ನುತ್ತಿದ್ದರು.

ಮನೆಯ ಮುಂಭಾಗದಲ್ಲಿ ಗಂಡಸರು ಸೇರುವ ದೊಡ್ಡ ಕೋಣೆ, ದಿವಾನಿಯಾ. ನನ್ನ ಈಸಲ್ ಇಟ್ಟದ್ದು ಅಲ್ಲಿ. ಸಂಜೆಯಾದರೆ ಎಂಟು ಹತ್ತು ಜನ ಸ್ನೇಹಿತರು ಬಂದು ನನ್ನ ಬೆನ್ನ ಹಿಂದೆ ಸಾಲಾಗಿ ಕೂರುತ್ತಿದ್ದರು. ಮೂಗು ಉದ್ದವಾಯಿತು ಎಂದು ಒಬ್ಬರು, ಇಲ್ಲ ಅವನ ಮೂಗು ಇರುವುದೇ ಹಾಗೆ ಎಂದು ಇನ್ನೊಬ್ಬರು. ಪ್ರತಿಯೊಬ್ಬರಿಗೂ ಉತ್ತರ ಕೊಡಲು ಅಬು ಯೂಸುಫ್ ಕತ್ತು ಹೊರಳಿಸುತ್ತಿದ್ದರು. ಮೈಸೂರಿನಲ್ಲೂ ನೆಂಟರು ಮೂಗಿನ ತಕರಾರು ಹೇಳುತ್ತಾರೆ. ಆದರೆ ಚಿತ್ರ ಮುಗಿದ ಮೇಲೆ, ಊಟಕ್ಕೆ ಮುಂಚೆ. ಇಲ್ಲಿ ಮೂಗು ಮೂಡುತ್ತಿರುವಾಗಲೇ ಪಂಚಾಯಿತಿ.

ಅಬು ಯೂಸುಫರಿಗೆ ಈ ಚಿತ್ರದ ಹುಚ್ಚು ಹಿಡಿಸಿದ್ದು ಒಂದು ದಪ್ಪ ಪುಸ್ತಕ. ಯುರೋಪಿನಲ್ಲೆಲ್ಲೋ ಕೊಂಡದ್ದು. ಹದಿನೇಳನೆಯ ಶತಮಾನದ ಒಬ್ಬ ಫ್ಲೆಮಿಷ್ ಚಿತ್ರಕಾರ ಆಸ್ಥಾನದಲ್ಲಿ ಬರೆದ ಭಾವಚಿತ್ರಗಳು ಅದರಲ್ಲಿದ್ದವು. ಅವನ ಹೆಸರು ನಮ್ಮಿಬ್ಬರ ನಾಲಗೆಗೂ ಹೊರಳದೆ, ದರ್ಜಿಯ ಮಗ ಎಂದೇ ಅವನನ್ನು ಕರೆಯುತ್ತಿದ್ದೆವು. ಹಾಗೆ ಕರೆಯಲು ಶುರು ಮಾಡಿದವನು ಯೂಸುಫ್.

ಯೂಸುಫನಿಗೆ ಇಪ್ಪತ್ತಮೂರು. ಸೈನ್ಯಕ್ಕೆ ಅಧಿಕಾರಿಯಾಗಿ ಸೇರಿ ವರ್ಷವಾಗಿತ್ತು. ಕಾಲಿನ ಗಿಣ್ಣು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡು ರಜೆಯ ಮೇಲೆ ಮನೆಯಲ್ಲಿದ್ದ. ಸಮವಸ್ತ್ರದಲ್ಲಿ ಅವನ ಚಿತ್ರ ಬರೆಯಬೇಕಿತ್ತು. ಕಾಲನ್ನು ಸ್ಟೂಲಿನ ಮೇಲಿಟ್ಟು, ಎದೆಯವರೆಗೆ ಮಾತ್ರ ಠೀವಿಯಿಂದ ಕೂತು, ಪುಸ್ತಕದಲ್ಲಿದ್ದ ಇಂಗ್ಲಿಷನ್ನು ನನಗೆ ಓದಿ ಹೇಳುತ್ತಿದ್ದ.

ದರ್ಜಿಯ ಮಗ ಹನ್ನೆರಡಕ್ಕೆ ಗುರುವಿನ ಮನೆಯಲ್ಲಿ ಬಣ್ಣ ಅರೆಯಲು ಸೇರಿದವನು. ಅಪ್ಪನ ಕಸುಬಿನಿಂದ ಬಟ್ಟೆಯ ಗುಣ ಗೊತ್ತಿತ್ತು. ಮಖಮಲ್ಲು, ಲೇಸು ಬರೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಒಬ್ಬ ರಾಯಭಾರಿಯ ಪರಿವಾರದಲ್ಲಿ ಪರ್ವತ ದಾಟಿ ದೂರದ ಆಸ್ಥಾನಕ್ಕೆ ಹೋದ. ಊರಿಗೆ ಮರಳಲೇ ಇಲ್ಲ. ಒಬ್ಬ ದೊರೆ ಸತ್ತು ಅವನ ಮಗ ಬಂದ, ಆ ಮಗನ ಮಗ ಬಂದ. ಮೂವರನ್ನೂ ಅವನೇ ಬರೆದ. ರಾಜಕುಮಾರಿಯರ ಚಿತ್ರ ಬರೆದು ಬೇರೆ ಬೇರೆ ದೇಶಗಳಿಗೆ ಕಳಿಸುವುದು ಅವನ ಮುಖ್ಯ ಕೆಲಸ. ಗಂಡಿನ ಕಡೆಯವರು ಆ ಚಿತ್ರ ನೋಡಿಯೇ ಒಪ್ಪಬೇಕು. ನಮ್ಮಲ್ಲಿ ಫೋಟೋ ಕಳಿಸುವಂತೆಯೇ. ಒಮ್ಮೆ ಒಬ್ಬ ಹುಡುಗಿಯ ಮುಖದ ಸಿಡುಬಿನ ಕಲೆಗಳನ್ನು ಬರೆಯದೆ ಬಿಟ್ಟ. ಮದುವೆಯ ದಿನ ರಂಪವಾಯಿತು, ಇವನನ್ನು ಎರಡು ವರ್ಷ ಆಸ್ಥಾನದಿಂದ ಹೊರಗಿಟ್ಟರು. ಮರಳಿ ಬಂದ ಮೇಲೆ ಅವನು ಯಾರ ಮುಖದ ಒಂದು ಗುರುತನ್ನೂ ಬಿಡಲಿಲ್ಲವಂತೆ. ಮುದುಕನಾಗಿ ಕಣ್ಣು ಮಂಜಾದಾಗ ಹೊಸ ದೊರೆ ಬೇರೊಬ್ಬನನ್ನು ನೇಮಿಸಿದ. ಇವನು ಕೊಟ್ಟ ಅರ್ಜಿಗಳಿಗೆ ಯಾರೂ ಉತ್ತರ ಬರೆಯಲಿಲ್ಲ.

ಯೂಸುಫನ ಎಡಹುಬ್ಬನ್ನು ಸೀಳಿಕೊಂಡು ಒಂದು ಗಾಯದ ಗೆರೆಯಿತ್ತು. ಮೈಸೂರಿನ ಅಭ್ಯಾಸದಂತೆ ನಾನು ಅದನ್ನು ಬಿಟ್ಟಿದ್ದೆ. ನಮ್ಮಲ್ಲಿ ಗಿರಾಕಿಯ ನರುಲಿ, ಮಚ್ಚೆ ಬರೆದರೆ ಚಿತ್ರ ವಾಪಸು ಬರುತ್ತದೆ. ಯೂಸುಫ್ ಎದ್ದು ಕುಂಟುತ್ತಾ ಬಂದು ನೋಡಿ, "ಸರ್, ಇವನು ಯಾರೋ ಬೇರೆ. ನನ್ನ ಗೆರೆ ಎಲ್ಲಿ?" ಎಂದ. ಏಳು ವರ್ಷದವನಿದ್ದಾಗ ದೋಣಿಯಿಂದ ಬಿದ್ದದ್ದಂತೆ. ಗೆರೆ ಬರೆದೆ. ಮುಖ ಒಮ್ಮೆಲೇ ಅವನದಾಯಿತು.

ದೂಳು

ಜುಲೈ ನಡುವಿನಲ್ಲಿ ಮನೆಯವರೆಲ್ಲ ಕೈರೋಗೆ ಹೋಗುವುದೆಂದು ನಿಶ್ಚಯವಾಗಿತ್ತು. ಬೇಸಿಗೆಯಲ್ಲಿ ಉಳ್ಳವರು ಅಲ್ಲಿ ಇರುವುದಿಲ್ಲ. ಉಮ್ಮ್ ಯೂಸುಫ್ ಪೆಟ್ಟಿಗೆ ಕಟ್ಟಿ ಒಳಕೋಣೆಯಲ್ಲಿ ಸಾಲಾಗಿ ಇಟ್ಟಿದ್ದರು. ಅಷ್ಟರೊಳಗೆ ಎರಡೂ ಚಿತ್ರ ಮುಗಿಸುವ ಲೆಕ್ಕದಲ್ಲಿ ನಾನಿದ್ದೆ.

ಟರ್ಪೆಂಟೈನ್ ವಾಸನೆ ತಲೆನೋವು ತರಿಸುತ್ತಿತ್ತು. ಒಂದು ಮಧ್ಯಾಹ್ನ ಅಂಗಳದ ಕಡೆಯ ಕಿಟಕಿ ತೆರೆದು, ಮುಚ್ಚಲು ಮರೆತು ಶುವೈಖಿಗೆ ಹೋದೆ. ದಾರಿಯಲ್ಲೇ ಆಕಾಶ ಇಟ್ಟಿಗೆಯ ಬಣ್ಣಕ್ಕೆ ತಿರುಗಿ ದೂಳುಗಾಳಿ ಎದ್ದಿತು. ಮರುದಿನ ಬೆಳಿಗ್ಗೆ ನೋಡಿದರೆ ಎರಡೂ ಕ್ಯಾನ್ವಾಸಿನ ಹಸಿ ಬಣ್ಣದ ಮೇಲೆ ರವೆ ಉದುರಿಸಿದಂತೆ ಮರಳು. ಕೆರೆದು ಮತ್ತೆ ಬರೆಯದೆ ದಾರಿಯಿರಲಿಲ್ಲ.

ತಪ್ಪು ನನ್ನದೆಂದು ಹೇಳಿ, ನೀವು ಹೊರಡಿ, ನಾನು ನೆನಪಿನಿಂದ ಮುಗಿಸುತ್ತೇನೆ ಎಂದೆ. ಅಬು ಯೂಸುಫ್ ಒಪ್ಪಲಿಲ್ಲ. ಬೇಸಿಗೆ ಪ್ರತಿ ವರ್ಷ ಬರುತ್ತದೆ, ಚಿತ್ರ ಒಂದೇ ಸಲ ಎಂದರು. ಪ್ರಯಾಣ ಆಗಸ್ಟ್ ಎರಡನೆಯ ವಾರಕ್ಕೆ ಹೋಯಿತು. ಉಮ್ಮ್ ಯೂಸುಫ್ ಪೆಟ್ಟಿಗೆಗಳನ್ನು ಬಿಚ್ಚಲಿಲ್ಲ. ಬೇಕಾದ ಬಟ್ಟೆಯನ್ನು ಅದರಿಂದಲೇ ತೆಗೆದು ಉಡುತ್ತಿದ್ದರು.

ಆಗಸ್ಟ್

ಆಗಸ್ಟ್ ಎರಡರ ಬೆಳಗ್ಗೆ ಗೋದಾಮಿನ ತಗಡು ಬಾಗಿಲುಗಳು ತಾವಾಗಿಯೇ ಅದುರುತ್ತಿದ್ದವು. ಸಂಜೀವ ತಾರಸಿಗೆ ಹೋಗಿ ಬಂದು ಮುಖ ತೊಳೆದುಕೊಂಡ. ರಸ್ತೆಯಲ್ಲಿ ಟ್ಯಾಂಕುಗಳು ಹೋಗುತ್ತಿವೆ, ಇಲ್ಲಿಯವಲ್ಲ, ಇರಾಕಿನವು ಎಂದ. ಆಮೇಲೆ ದಿನಾ ಮಾಡುವಂತೆ ಗಂಜಿಗೆ ನೀರಿಟ್ಟ. ಏನು ಮಾಡಬೇಕೆಂದು ತೋಚದೆ ನಾನು ಕುಂಚಗಳನ್ನು ತೊಳೆದೆ.

ಮೂರನೆಯ ದಿನ ಪಿಕಪ್‌ನಲ್ಲಿ ಒಳದಾರಿ ಹಿಡಿದು ಅಬು ಯೂಸುಫರ ಮನೆಗೆ ಹೋದೆವು. ಅಂಗಳದಲ್ಲಿ ಉಮ್ಮ್ ಯೂಸುಫ್ ದೊಡ್ಡ ಪಾತ್ರೆಯೊಂದರಲ್ಲಿ ಫೋಟೋಗಳನ್ನು ಸುಡುತ್ತಿದ್ದರು. ಸೈನ್ಯದವರನ್ನು ಮನೆಮನೆ ಹುಡುಕಿ ಒಯ್ಯುತ್ತಿದ್ದಾರೆಂಬ ಸುದ್ದಿ ಹರಡಿತ್ತು. ಯೂಸುಫ್ ಸಮವಸ್ತ್ರದಲ್ಲಿದ್ದ ಫೋಟೋ ಯಾವುದು, ಇಲ್ಲದ್ದು ಯಾವುದು ಎಂದು ಆರಿಸುವ ವ್ಯವಧಾನ ಆಕೆಗಿರಲಿಲ್ಲ. ಮಗುವಾಗಿದ್ದಾಗಿನವೂ ಬೆಂಕಿಗೆ ಹೋದವು.

ದಿವಾನಿಯಾದಲ್ಲಿ ಅಬು ಯೂಸುಫ್ ಮಗನ ಚಿತ್ರದ ಎದುರು ನಿಂತಿದ್ದರು. ಇದನ್ನು ಸುಡಲು ನನ್ನ ಕೈ ಬರುವುದಿಲ್ಲ ಎಂದರು. ಸುಡುವುದು ಬೇಡ ಎಂದು ನಾನು ಬಿಳಿ ಬಣ್ಣದ ಕೊಳವೆ ತೆಗೆದೆ. ಟೋಪಿ, ಗುಂಡಿ, ಭುಜದ ನಕ್ಷತ್ರ, ಇಪ್ಪತ್ತು ದಿನ ಕೂತು ಬರೆದದ್ದೆಲ್ಲ ಒಂದು ಗಂಟೆಯಲ್ಲಿ ಬಿಳಿಯ ತಲೆವಸ್ತ್ರ, ನಿಲುವಂಗಿಗಳ ಕೆಳಗೆ ಹೋಯಿತು. ಕೋಲೂರಿ ನಿಂತು ನೋಡುತ್ತಿದ್ದ ಯೂಸುಫ್ ಕೇಳಿದ, "ದರ್ಜಿಯ ಮಗ ಹೀಗೆ ಯಾರ ಬಟ್ಟೆಯನ್ನಾದರೂ ಬದಲಿಸಿದ್ದನಾ ಸರ್?" ಪುಸ್ತಕದಲ್ಲಿ ಹಾಗೇನೂ ಇಲ್ಲವಲ್ಲ ಎಂದೆ. ಅವನು ನಕ್ಕ. ಅವನ ನಗುವನ್ನು ನಾನು ನೋಡಿದ್ದು ಅದೇ ಕೊನೆ.

ತಿಂಗಳ ಕೊನೆಗೆ ಪ್ಲಾಸ್ಟರ್ ತೆಗೆಸಿದ್ದರು. ಒಂದು ಬೆಳಿಗ್ಗೆ ರೊಟ್ಟಿಯ ಸಾಲಿನಲ್ಲಿ ನಿಲ್ಲಲು ಹೋದ ಯೂಸುಫ್ ಮನೆಗೆ ಬರಲಿಲ್ಲ. ಸಾಲಿನಲ್ಲಿದ್ದ ಹತ್ತು ಹನ್ನೆರಡು ಹುಡುಗರನ್ನು ಒಂದು ಬಸ್ಸಿಗೆ ಹತ್ತಿಸಿದರು ಎಂದು ರೊಟ್ಟಿಯವನು ಹೇಳಿದ.

ಠಾಣೆ

ಅಬು ಯೂಸುಫ್ ಠಾಣೆ ಠಾಣೆ ಅಲೆದರು. ಎಲ್ಲ ಕಡೆ ಒಂದೇ ಪ್ರಶ್ನೆ: ಹುಡುಗ ಹೇಗಿದ್ದಾನೆ, ಫೋಟೋ ಕೊಡಿ. ಫೋಟೋ ಒಂದೂ ಉಳಿದಿರಲಿಲ್ಲ.

ನಾನು ಬರೆದುಕೊಡುತ್ತೇನೆ ಎಂದೆ. ಯಾರೂ ಕೇಳಿರಲಿಲ್ಲ, ನಾನೇ ಹೇಳಿದೆ. ಆ ಮನೆಯ ಅನ್ನ ಉಂಡು, ನನ್ನ ಕಿಟಕಿಯಿಂದಾಗಿ ಅವರು ಅಲ್ಲಿ ಸಿಕ್ಕಿಬಿದ್ದಿರುವಾಗ, ನನ್ನ ಕೈಲಾಗುವ ಕೆಲಸ ಅದೊಂದೇ ಎನ್ನಿಸಿತ್ತು. ಗೋದಾಮಿನ ಬಿಲ್ ಪುಸ್ತಕದ ಹಿಂಬದಿಯ ಹಾಳೆಗಳ ಮೇಲೆ ಪೆನ್ಸಿಲಿನಲ್ಲಿ ಏಳು ಪ್ರತಿ ಬರೆದೆ. ಹುಬ್ಬಿನ ಗೆರೆಯನ್ನು ಏಳರಲ್ಲೂ ಬರೆದೆ. ನನ್ನ ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಅಷ್ಟು ಹೋಲುವ ಮುಖವನ್ನು ನಾನು ಬರೆದಿರಲಿಲ್ಲ. ಉಮ್ಮ್ ಯೂಸುಫ್ ಒಂದನ್ನು ಕೈಗೆತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಅಬು ಯೂಸುಫ್ ಪ್ರತಿಯೊಂದರ ಕೆಳಗೂ ಮಗನ ಪೂರ್ತಿ ಹೆಸರು, ತನ್ನ ಹೆಸರು, ಮನೆತನದ ಹೆಸರು ಬರೆದರು.

ಒಂದು ಠಾಣೆಗೆ ನಾನೂ ಸಂಜೀವನೂ ಜೊತೆಗೆ ಹೋದೆವು. ಮೇಜಿನ ಹಿಂದೆ ನನ್ನ ವಯಸ್ಸಿನ ಒಬ್ಬ ಇರಾಕಿ ಅಧಿಕಾರಿ. ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಬರೆದವರು ಯಾರೆಂದು ಕೇಳಿದ. ಸಂಜೀವ ನನ್ನನ್ನು ತೋರಿಸಿದ. ಅಧಿಕಾರಿ ನನಗೆ ಕುರ್ಚಿ ಹಾಕಿಸಿದ, ಚಹಾ ತರಿಸಿದ, ಒಂದು ಹಾಳೆ ಮುಂದಿಟ್ಟು ತನ್ನ ಮುಖದತ್ತ ಕೈ ತೋರಿಸಿದ.

ಬರೆದೆ. ಗಲ್ಲದ ಜೋಲನ್ನು ಸ್ವಲ್ಪ ಏರಿಸಿದೆ, ಕಣ್ಣಿನ ಕೆಳಗಿನ ಚೀಲಗಳನ್ನು ತೆಗೆದೆ. ಆ ಕುರ್ಚಿಯಲ್ಲಿ ನನಗೆ ನಾಚಿಕೆಯಾಗಲಿಲ್ಲ. ನಿಜ ಹೇಳಬೇಕೆಂದರೆ ಕೆಲಸ ಚೆನ್ನಾಗಿ ಆಗುತ್ತಿದೆ ಎಂಬ ಸುಖವೇ ಇತ್ತು. ಅಧಿಕಾರಿಗೆ ಖುಷಿಯಾಯಿತು. ಯೂಸುಫನ ಒಂದು ಪ್ರತಿಯನ್ನು ತನ್ನ ಮೇಜಿನ ಖಾನೆಯಲ್ಲಿಟ್ಟುಕೊಂಡ. ತಾನೇ ಎಲ್ಲ ಕಡೆ ವಿಚಾರಿಸುವುದಾಗಿ ಹೇಳಿದ. ಹೊರಗೆ ಬಂದು ಅಬು ಯೂಸುಫ್ ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು. ಅವತ್ತಿನ ಮಟ್ಟಿಗೆ ನಮಗೆಲ್ಲ ಹಸಿವಾಯಿತು, ಊಟ ರುಚಿಸಿತು.

ಹತ್ತು ದಿನ ಬಿಟ್ಟು ಹೋದರೆ ಆ ಕುರ್ಚಿಯಲ್ಲಿ ಬೇರೊಬ್ಬನಿದ್ದ. ಅವನಿಗೆ ಚಿತ್ರದ ವಿಷಯವೂ ಗೊತ್ತಿರಲಿಲ್ಲ, ಹುಡುಗನ ವಿಷಯವೂ ಗೊತ್ತಿರಲಿಲ್ಲ.

ಬಸ್ರಾ ರಸ್ತೆ

ಸೆಪ್ಟೆಂಬರ್ ಕೊನೆಗೆ ಅಕ್ಕಿ ಮುಗಿಯಿತು. ನಮ್ಮ ದೇಶದವರೆಲ್ಲ ಬಸ್ಸುಗಳಲ್ಲಿ ಬಸ್ರಾ, ಬಾಗ್ದಾದ್ ದಾಟಿ ಅಮ್ಮಾನಿಗೆ ಹೋಗಿ ಅಲ್ಲಿಂದ ವಿಮಾನ ಹತ್ತುತ್ತಿದ್ದರು. ಸಂಜೀವ ಎರಡು ಜಾಗ ಹಿಡಿದ. ನಾನು ಹೋಗಲಾರೆ, ಯೂಸುಫ್ ಬರಲಿ ಎಂದೆ.

"ನೀವು ಇಲ್ಲಿ ಕೂತು ಅವನನ್ನು ತರಲಿಕ್ಕೆ ಆಗ್ತದಾ?" ಎಂದ ಸಂಜೀವ. "ಆ ಮನೆಯವರಿಗೆ ನೀವು ಇನ್ನೊಂದು ಬಾಯಿ. ಅವರು ಹೇಳುವುದಿಲ್ಲ, ನಾನು ಹೇಳ್ತೇನೆ."

ಹೊರಡುವಾಗ ಉಮ್ಮ್ ಯೂಸುಫ್ ಖರ್ಜೂರದ ಡಬ್ಬಿ ಕೊಟ್ಟರು. ತಮಗಿಲ್ಲದ್ದನ್ನು ನಮಗೆ ಕೊಡುತ್ತಿದ್ದಾರೆಂದು ಗೊತ್ತಿದ್ದೂ ತೆಗೆದುಕೊಂಡೆವು. ಇರಾಕಿನ ಗಡಿ ದಾಟಿದ ಮೇಲಿನ ಬಯಲಿನಲ್ಲಿ ಡೇರೆಗಳ ನಡುವೆ ಒಂಬತ್ತು ದಿನ ಕಳೆದೆವು. ನೀರಿನ ಲಾರಿ ಬಂದಾಗ ಇಂಜಿನಿಯರೂ ಅಡುಗೆಯವನೂ ಒಂದೇ ಸಾಲಿನಲ್ಲಿ ಕೊಡ ಹಿಡಿದು ನಿಲ್ಲುತ್ತಿದ್ದರು. ಆ ಬಯಲಿನಲ್ಲಿ ಯಾರೋ ಒಬ್ಬರು, ಮೈಸೂರಿನ ಮೇಷ್ಟ್ರಿಗೆ ಇಲ್ಲೇನು ಕೆಲಸ ಎಂದು ಕೇಳಿದರು. ನಾನು ಖರ್ಜೂರದ ಡಬ್ಬಿಯನ್ನು ಅವರತ್ತ ಚಾಚಿದೆ.

ಮತ್ತೆ, ಫಹಾಹೀಲ್

ಯುದ್ಧ ಮುಗಿದ ಮೇಲೆ ಸಂಜೀವ ಕೆಲಸಕ್ಕೆ ಮರಳಿ ಕಾಗದ ಬರೆದ. ಯೂಸುಫ್ ಬಂದಿಲ್ಲ, ಬಿಡುಗಡೆಯಾದವರ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಅಬು ಯೂಸುಫ್ ನಿಮ್ಮನ್ನು ಒಮ್ಮೆ ಬರಲು ಹೇಳುತ್ತಿದ್ದಾರೆ. ೧೯೯೧ರ ಅಕ್ಟೋಬರಿನಲ್ಲಿ ಹೋದೆ.

ಅಬು ಯೂಸುಫ್ ತಾವೇ ಕಾರು ತಂದಿದ್ದರು. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಮನೆಯ ಕಡೆ ಹೋಗದೆ ದಕ್ಷಿಣಕ್ಕೆ, ಸಮುದ್ರದ ದಂಡೆಯ ರಸ್ತೆ ಹಿಡಿದರು. ಫಹಾಹೀಲ್ ಸಮೀಪಿಸಿದಂತೆ ಆಕಾಶ ಕಪ್ಪಾಗುತ್ತಾ ಬಂತು. ಇರಾಕಿನ ಸೈನ್ಯ ಓಡುವಾಗ ಬೆಂಕಿಯಿಟ್ಟ ಎಣ್ಣೆಯ ಬಾವಿಗಳ ಹೊಗೆ ಇನ್ನೂ ತೀರಿರಲಿಲ್ಲ. ಹಗಲು ಹನ್ನೊಂದಕ್ಕೆ ಅಂಗಡಿಗಳಲ್ಲಿ ದೀಪ ಉರಿಯುತ್ತಿತ್ತು. ಒಣಹಾಕಿದ ಬಟ್ಟೆಗಳ ಮೇಲೆ ಮಸಿ.

ಅಬು ಯೂಸುಫ್ ಸಮುದ್ರದ ಪಕ್ಕ ಕಾರು ನಿಲ್ಲಿಸಿ, ಇಂಜಿನ್ ಆರಿಸದೆ ಹೇಳತೊಡಗಿದರು. ಮಾರ್ಚಿನಲ್ಲಿ ಬಿಡುಗಡೆಯಾಗಿ ಬಂದ ಒಬ್ಬ ಹುಡುಗ ಮನೆಗೆ ಬಂದಿದ್ದನಂತೆ. ಅವನೂ ಯೂಸುಫನೂ ಬಸ್ರಾದ ಸೆರೆಮನೆಯ ಒಂದೇ ಹಜಾರದಲ್ಲಿದ್ದವರು. ಯೂಸುಫ್ ತನ್ನ ನಿಜವಾದ ಹೆಸರು ಹೇಳಿರಲಿಲ್ಲ. ತಾನೊಬ್ಬ ವಿದ್ಯಾರ್ಥಿ, ಕಾಗದ ಪತ್ರ ಕಳೆದುಹೋಗಿವೆ ಎಂದು ಬೇರೆ ಹೆಸರು ಕೊಟ್ಟಿದ್ದ. ಇರಾಕಿನವರು ನಂಬಿದ್ದರು. ವಿದ್ಯಾರ್ಥಿಗಳನ್ನೆಲ್ಲ ಮನೆಗೆ ಕಳಿಸುವ ಪಟ್ಟಿಯಲ್ಲಿ ಅವನೂ ಇದ್ದ. ಅಷ್ಟರಲ್ಲಿ ಕುವೈತಿನಿಂದ ಅವರದೇ ಒಬ್ಬ ಅಧಿಕಾರಿ ಬಂದ. ಅವನ ಕೈಯಲ್ಲಿ ಒಂದು ಪೆನ್ಸಿಲ್ ಚಿತ್ರ. ಸಾಲಿನಲ್ಲಿ ನಿಲ್ಲಿಸಿ ಒಬ್ಬೊಬ್ಬರ ಹುಬ್ಬಿಗೆ ಕೈ ಹಚ್ಚಿ ನೋಡುತ್ತಾ ಬಂದ. ಚಿತ್ರದ ಕೆಳಗಿನ ಹೆಸರು ಸೈನ್ಯದ ಪಟ್ಟಿಯಲ್ಲಿತ್ತು. ಅವತ್ತೇ ಯೂಸುಫನನ್ನು ಬೇರೆ ಗಾಡಿಗೆ ಹತ್ತಿಸಿದರು. ಆಮೇಲೆ ಅವನನ್ನು ಕಂಡವರಿಲ್ಲ.

ಉಸಿರಿಗೆ ಹೊಗೆಯ ರುಚಿಯಿತ್ತು.

"ನೀವು ಬಹಳ ಚೆನ್ನಾಗಿ ಬರೆದಿದ್ದಿರಿ ಉಸ್ತಾದ್," ಎಂದರು ಅಬು ಯೂಸುಫ್. ಆ ಮಾತಿನಲ್ಲಿ ಕೋಪವನ್ನು ಹುಡುಕಿದೆ. ಸಿಕ್ಕಿದ್ದರೆ ಕಾಲು ಹಿಡಿಯಬಹುದಿತ್ತು. "ಹೆಸರು ಬರೆದವನು ನಾನು. ನೀವು ಕೇಳಿರಲಿಲ್ಲ. ನಾನೇ ಬರೆದೆ." ಇಂಜಿನ್ ಆರಿಸಿ ಮತ್ತೆ ಹೇಳಿದರು, "ಯೂಸುಫನ ತಾಯಿಗೆ ಇದು ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ಇದನ್ನು ನಾನು ಯಾರ ಹತ್ತಿರ ಹೇಳಲಿ? ನಿಮ್ಮನ್ನು ಕರೆಸಿದ್ದು ಅದಕ್ಕೆ."

ಮನೆಗೆ ಬಂದೆವು. ಸಂಜೀವ ಮೊದಲೇ ಬಂದು ಕೂತಿದ್ದ. ದಿವಾನಿಯಾದ ಸೋಫಾಗಳನ್ನೂ ಕಂಬಳಿಗಳನ್ನೂ ಸೈನಿಕರು ಹೊತ್ತೊಯ್ದಿದ್ದರು; ಎರಡು ಕ್ಯಾನ್ವಾಸುಗಳೂ ಹೋಗಿದ್ದವು. ನೆಲದ ಮೇಲೆ ಚಾಪೆ ಹಾಸಿದ್ದರು. ಉಮ್ಮ್ ಯೂಸುಫ್ ತಾವೇ ಚಹಾ ತಂದು ನನ್ನ ಮುಂದಿಟ್ಟು, ಬಾಗಿಲ ಬಳಿ ಕೂತು ಅರಬಿಯಲ್ಲಿ ನಿಧಾನವಾಗಿ ಮಾತಾಡಿದರು. ಸಂಜೀವ ಕನ್ನಡದಲ್ಲಿ ಹೇಳುತ್ತಾ ಹೋದ. ಕಾಣೆಯಾದವರನ್ನು ಹುಡುಕಲು ಗಡಿಯಾಚೆ ಹೋಗುವವರು ಚಿತ್ರ ಕೇಳುತ್ತಿದ್ದಾರೆ. ಹಳೆಯ ಪ್ರತಿಗಳೆಲ್ಲ ಠಾಣೆಗಳಲ್ಲೇ ಹೋದವು, ಮನೆಯಲ್ಲಿ ಒಂದೂ ಇಲ್ಲ. ಇನ್ನು ನಾಲ್ಕು ಬರೆದುಕೊಡಬೇಕು.

"ಮತ್ತೆ, ನಿಮ್ಮ ಕೈಯಿಂದ ಆದದ್ದನ್ನು ಸಾಯುವವರೆಗೆ ಮರೆಯುವುದಿಲ್ಲ ಅಂತ ಹೇಳ್ತಿದ್ದಾರೆ," ಎಂದ ಸಂಜೀವ.

ನಾನು ಅಬು ಯೂಸುಫರನ್ನು ನೋಡಿದೆ. ಅವರು ಚಾಪೆಯ ಅಂಚನ್ನು ನೋಡುತ್ತಿದ್ದರು. ಆಮೇಲೆ ಎದ್ದು ಒಳಗೆ ಹೋಗಿ ಹಾಳೆಗಳನ್ನು ತಂದರು.

ಬರೆದೆ. ಎದುರಿಗೆ ಮುಖ ಬೇಕಾಗಿರಲಿಲ್ಲ. ಕೈಗೆ ಅದು ಬಾಯಿಪಾಠವಾಗಿತ್ತು. ಹುಬ್ಬಿನ ಗೆರೆಯನ್ನೂ ಅದು ಬಿಡಲಿಲ್ಲ. ಉಮ್ಮ್ ಯೂಸುಫ್ ಪ್ರತಿ ಹಾಳೆ ಮುಗಿದಾಗಲೂ ಅದನ್ನು ತೆಗೆದುಕೊಂಡು, ಬೆರಳು ತಾಗದಂತೆ ಅಂಚಿನಲ್ಲಿ ಹಿಡಿದು ನೋಡಿ ಪಕ್ಕಕ್ಕಿಡುತ್ತಿದ್ದರು. ನಾಲ್ಕೂ ಮುಗಿದ ಮೇಲೆ ಕೆಳಗೆ ಹೆಸರು ಬರೆಯಲೆಂದು ಅವನ್ನು ಗಂಡನ ಮುಂದೆ ಸರಿಸಿದರು.

ನಾನು ಪೆನ್ಸಿಲನ್ನು ಅಬು ಯೂಸುಫರಿಗೆ ಕೊಟ್ಟೆ. ಅವರು ಅದನ್ನು ತೆಗೆದುಕೊಂಡು, ತುದಿಯನ್ನು ಹಾಳೆಗೆ ತಾಗಿಸಿ, ಹಾಗೆಯೇ ಕೂತರು. ಸಂಜೀವ ಚಹಾದ ಲೋಟಗಳನ್ನು ಒಳಗಿಟ್ಟು ಬಂದ. ಅಷ್ಟಾದರೂ ಅಬು ಯೂಸುಫರ ಕೈ ಅಲ್ಲಾಡಲಿಲ್ಲ. ಉಮ್ಮ್ ಯೂಸುಫ್ ಹೆಸರಿಲ್ಲದ ಹಾಳೆಯನ್ನೂ ಗಂಡನ ಮುಖವನ್ನೂ ನೋಡಿ ಏನೋ ಕೇಳಿದರು. ನನಗೆ ಅರಬಿ ಬರುವುದಿಲ್ಲ. ಆದರೂ ಅದನ್ನು ಸಂಜೀವ ನನಗೆ ಕನ್ನಡದಲ್ಲಿ ಹೇಳಬೇಕಾಗಿರಲಿಲ್ಲ.